ಬೆಕ್ಕು ಸಾಕದವರ ಆಟಿಕೆ ಕಪಾಟು

ಅವರು ನನ್ನಲ್ಲಿ ಕೇಳಿದ ಮೊದಲ ಪ್ರಶ್ನೆ, ನಿಮ್ಮ ಮನೆಯಲ್ಲಿ ಕಿಟಕಿ ಎಷ್ಟುಂಟು ಎಂದು. ನಾನು ಮೂಡುಬಿದಿರೆಯ ಬಸ್ ನಿಲ್ದಾಣದ ಹತ್ತಿರದ ಅವರ ಅಂಗಡಿಗೆ ಹೋದದ್ದು ಬೆಕ್ಕಿಗೆ ಒಂದು ಆಟಿಕೆ ತರಲು. ಒಂಟಿಯಾಗಿರುವ ಹೆಂಗಸಿನ ಹತ್ತಿರ ಪರಿಚಯವಿಲ್ಲದ ಗಂಡಸು ಕಿಟಕಿಗಳ ಸಂಖ್ಯೆ ಕೇಳಿದರೆ ಏನೆಂದು ತಿಳಿಯಬೇಕು? ನಾನು ಉತ್ತರ ಕೊಡಲಿಲ್ಲ. ಅವರು, ಮನೆ ಕೆಳಗಿನದೋ ಮಾಳಿಗೆಯದೋ ಎಂದು ಕೇಳಿದರು. ಆಮೇಲೆ, ಮಧ್ಯಾಹ್ನ ನಾನು ಎಷ್ಟು ಗಂಟೆಗೆ ಮಲಗುವುದು ಎಂದು. ನಾನು ಚೀಲ ಎತ್ತಿಕೊಂಡು ಹೊರಟುಬಿಟ್ಟೆ.

ಕಳೆದ ತಿಂಗಳು ಅವರು ತೀರಿಕೊಂಡರು. ಎಂಬತ್ತಕ್ಕೆ ಎರಡು ಕಡಿಮೆ. ಹೆಸರು ಬರೆಯುವುದಿಲ್ಲ, ಅಂಗಡಿಯ ಬೋರ್ಡಿನ ಮೇಲೆಯೂ ಅವರು ತಮ್ಮ ಹೆಸರು ಹಾಕಿಸಿದವರಲ್ಲ. ಬಳೆ, ಪುಸ್ತಕ, ಮಕ್ಕಳ ಆಟಿಕೆ ಎಂದಷ್ಟೇ ಅದರಲ್ಲಿತ್ತು. ಬೆಕ್ಕಿನ ವಿಷಯ ಬೋರ್ಡಿನಲ್ಲಿ ಇರಲಿಲ್ಲ. ಆದರೆ ವೇಣೂರಿನಿಂದ, ಬೆಳ್ತಂಗಡಿಯಿಂದ, ಒಮ್ಮೊಮ್ಮೆ ಚಾರ್ಮಾಡಿ ರಸ್ತೆಯ ಕಕ್ಕಿಂಜೆಯಿಂದಲೂ ಜನ ಬಸ್ಸಿಳಿದು ಅವರ ಅಂಗಡಿ ಹುಡುಕಿಕೊಂಡು ಬರುತ್ತಿದ್ದದ್ದು ಬೆಕ್ಕಿನ ವಿಷಯಕ್ಕೇ.

ನಾನು ಮೂವತ್ತನಾಲ್ಕು ವರ್ಷ ಮಂಗಳೂರಿನ ಒಂದು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು. ಐದಕ್ಕೆ ಏಳುವುದು, ಐದೂವರೆಗೆ ಸ್ನಾನ, ಆರಕ್ಕೆ ತಿಂಡಿ. ನಿವೃತ್ತಿಯಾಗಿ ಮೂಡುಬಿದಿರೆಯಲ್ಲಿ ನೆಲೆಸಿದ ಮೇಲೆಯೂ ಇದರಲ್ಲಿ ಐದು ನಿಮಿಷ ಆಚೆಈಚೆ ಆದದ್ದಿಲ್ಲ. ಮಾಣಿ ಎಂಬ ಊರಿನಲ್ಲಿ ನನ್ನ ತಂಗಿಯ ಮನೆ ಹೆದ್ದಾರಿಗೆ ತಾಗಿಕೊಂಡೇ ಇದೆ. ಅಲ್ಲಿ ಹುಟ್ಟಿದ ನಾಲ್ಕು ಬೆಕ್ಕಿನ ಮರಿಗಳಲ್ಲಿ ಮೂರು ಲಾರಿಯ ಅಡಿಗೆ ಹೋದವು. ನಾಲ್ಕನೆಯದನ್ನು ನಾನು ತಂದೆ. ತುಳುವಿನಲ್ಲಿ ಬೆಕ್ಕಿಗೆ ಪುಚ್ಚೆ ಎನ್ನುತ್ತಾರೆ. ನಾನು ಬೇರೆ ಹೆಸರಿಡುವ ಗೋಜಿಗೆ ಹೋಗದೆ ಅದನ್ನೇ ಇಟ್ಟುಕೊಂಡೆ. ಮಾಳಿಗೆಯ ಮನೆ, ಕಿಟಕಿಗಳಿಗೆ ಬಲೆ ಹೊಡೆಸಿದೆ, ಬಾಗಿಲು ಸದಾ ಮುಚ್ಚಿದ್ದು. ಹೊರಗೆ ಬಿಡುವುದೇ ಇಲ್ಲ ಎಂದು ನಿಶ್ಚಯ ಮಾಡಿದ್ದೆ. ಹೊತ್ತಿಗೆ ಸರಿಯಾಗಿ ಆಹಾರ, ಸ್ವಚ್ಛ ನೀರು, ಒಗೆದ ಬಟ್ಟೆಯ ಹಾಸಿಗೆ. ಇನ್ನೇನು ಬೇಕು ಒಂದು ಪ್ರಾಣಿಗೆ ಎಂದು ನನ್ನ ಎಣಿಕೆ.

ಎರಡನೆಯ ವರ್ಷಕ್ಕೆ ಪುಚ್ಚೆ ಗೋಡೆಗೆ ಮುಖ ಮಾಡಿ ಕುಳಿತುಕೊಳ್ಳಲು ಶುರುಮಾಡಿತು. ಆಮೇಲೆ ತನ್ನ ಹೊಟ್ಟೆಯನ್ನು ತಾನೇ ನೆಕ್ಕಿ ನೆಕ್ಕಿ ಕೂದಲು ಉದುರಿಸಿಕೊಂಡಿತು. ಚರ್ಮ ಕೆಂಪಾಗಿ ಕಂಡ ದಿನ ಅದನ್ನು ಬಂಟ್ವಾಳದ ಬಿ.ಸಿ. ರೋಡಿಗೆ ಕೊಂಡುಹೋದೆ. ಅಲ್ಲಿನ ಪ್ರಾಣಿವೈದ್ಯೆ ಚಿಕ್ಕ ವಯಸ್ಸಿನ ಹೆಣ್ಣು, ಆದರೆ ಕೈ ಪಳಗಿದೆ. ಎಲ್ಲ ನೋಡಿ ಆಕೆ, ರೋಗ ಇಲ್ಲ, ಕೆಲಸ ಇಲ್ಲದ್ದೇ ರೋಗ ಎಂದಳು. ಓಡಿಸಬೇಕು, ಹುಡುಕಿಸಬೇಕು, ಹಿಡಿಯುವಂಥದ್ದು ಏನಾದರೂ ಕೊಡಬೇಕು. ಇಲ್ಲದಿದ್ದರೆ ಇದು ಹೀಗೆಯೇ ತನ್ನನ್ನು ತಿಂದುಕೊಳ್ಳುತ್ತದೆ. ನಿಮ್ಮೂರಿನಲ್ಲೇ ಒಬ್ಬರಿದ್ದಾರೆ, ಅವರ ಹತ್ತಿರ ಕೇಳಿ ಎಂದಳು. ಆಕೆ ಹೇಳಿದ ಗುರುತು, ಕಿಟಕಿಯ ಲೆಕ್ಕ ಕೇಳಿದ ಆ ಅಂಗಡಿಯವರದೇ.

ಹಾಗಾಗಿ ಮತ್ತೆ ಹೋದೆ. ಅವರು ಮೊದಲ ಸಲದ್ದನ್ನು ಮರೆತವರಂತೆ ಕಾಣಲಿಲ್ಲ. ನೇರವಾಗಿ, "ಕಿಟಕಿ ಎಷ್ಟು ಅಂತ ನೀವು ಹೇಳ್ಲಿಲ್ಲ ಸಿಸ್ಟರ್" ಎಂದರು. ನಾನು ನರ್ಸ್ ಎಂದು ಯಾರು ಹೇಳಿದರು ಎಂದು ಕೇಳಿದೆ. ಆವತ್ತು ನಾನು ಚೀಲ ಎತ್ತುವ ಮೊದಲು ಅದರೊಳಗಿನ ಸಾಮಾನನ್ನು ಎಣಿಸಿದ್ದು ನೋಡಿದೆ ಎಂದರು. ನನಗೆ ಅದೂ ಹಿಡಿಸಲಿಲ್ಲ. ಕಿಟಕಿ, ಮಾಳಿಗೆ, ಮಲಗುವ ಹೊತ್ತು ಎಲ್ಲ ಕೇಳಿದ್ದು, ಬೆಕ್ಕಿಗೆ ದಿನವಿಡೀ ನೋಡಲು ಏನುಂಟು, ಎಷ್ಟು ಹೊತ್ತು ಅದು ಒಂಟಿ ಎಂದು ತಿಳಿಯಲಿಕ್ಕಂತೆ.

ಅವರು ಸಣ್ಣ ಮೈಕಟ್ಟಿನ ಮನುಷ್ಯ. ಬಿಳಿ ಪಂಚೆ, ಅರ್ಧ ತೋಳಿನ ಬಿಳಿ ಅಂಗಿ, ಕನ್ನಡಕ ಮೂಗಿನ ತುದಿಯಲ್ಲಿ. ವೇಣೂರಿನ ಕಡೆಯ ಜೈನರ ಮನೆತನ. ಯಾವ ಮಾತು ಹೇಳಿದರೂ ನಂಬದವರಂತೆ ತಲೆಯನ್ನು ಒಂದು ಬದಿಗೆ ವಾಲಿಸಿ ಕೇಳುತ್ತಿದ್ದರು. ಗಿರಾಕಿ ಹೇಳಿದ್ದನ್ನೂ ಹಾಗೆ, ಕಂಪೆನಿಯವರು ಡಬ್ಬದ ಮೇಲೆ ಬರೆದದ್ದನ್ನೂ ಹಾಗೆ. ಬೆಕ್ಕಿನ ಆಟಿಕೆಗಳ ಹೊಸ ಕಟ್ಟು ಬಂದರೆ ಅದನ್ನು ಕಪಾಟಿನಲ್ಲಿ ಇಡುವ ಮೊದಲು ಒಂದು ವಿಚಾರಣೆ ನಡೆಯುತ್ತಿತ್ತು. ಅಂಟಿಸಿದ ಕಣ್ಣುಗಳನ್ನು ಉಗುರಿನಿಂದ ಕಿತ್ತು ನೋಡುವುದು, ಹೊಲಿಗೆಯನ್ನು ಎರಡೂ ಕೈಗಳಿಂದ ಎಳೆಯುವುದು, ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುತ್ತದೋ ಎಂದು ನೋಡುವುದು, ಮೂಸುವುದು. ಹೆಬ್ಬೆರಳು ಮತ್ತು ತೋರುಬೆರಳು ಸೇರಿಸಿ ಒಂದು ಬಳೆ ಮಾಡುತ್ತಿದ್ದರು. ಅದರೊಳಗಿನಿಂದ ದಾಟಿ ಹೋಗುವ ಯಾವ ವಸ್ತುವೂ ಬೆಕ್ಕಿಗೆ ಇಲ್ಲ. ದಾರ, ರಿಬ್ಬನು, ರಬ್ಬರ್ ಬ್ಯಾಂಡು ಇರುವುದಂತೂ ಇಲ್ಲವೇ ಇಲ್ಲ. ಅನುತ್ತೀರ್ಣವಾದವು ಮೇಜಿನಡಿಯ ಗೋಣಿಚೀಲಕ್ಕೆ. ಕಸಕ್ಕೆ ಯಾಕೆ ಹಾಕುವುದಿಲ್ಲ ಎಂದು ಕೇಳಿದರೆ, ಕಸದಿಂದ ಬೇರೆ ಬೆಕ್ಕು ತೆಗೆಯುತ್ತದೆ ಎನ್ನುತ್ತಿದ್ದರು.

ಆ ಕಪಾಟಿನಲ್ಲಿ ಇಲಿ ಇರಲಿಲ್ಲ. ಎಲ್ಲ ಕಡೆ ಬೆಕ್ಕಿಗೆಂದು ಮಾರುವ ಬಟ್ಟೆಯ ಇಲಿ, ಕೀಲಿಕೊಟ್ಟರೆ ಓಡುವ ಇಲಿ, ಹಕ್ಕಿ, ಯಾವುದೂ ಇಲ್ಲ. ಬೆಕ್ಕಿಗೆ ಇಲಿಯಲ್ಲದೆ ಮತ್ತೇನು ಕೊಡುವುದು ಎಂದು ನಾನು ಕೇಳಿದೆ.

"ಓಡಿ ಹಿಡಿಯುವುದು ಅದರ ಹುಟ್ಟುಗುಣ, ಅದಕ್ಕೆ ಎಂತ ಮಾಡ್ಲಿಕ್ಕೆ ಆಗುವುದಿಲ್ಲ" ಎಂದರು. "ನಾವು ಇಲಿಯ ಮುಖ ಮಾಡಿ, ಕಣ್ಣಿಟ್ಟು, ತೆಕ್ಕೋ ಕೊಲ್ಲು ಅಂತ ಕೊಟ್ರೆ, ಅದು ಬೆಕ್ಕಿನ ಪಾಪ ಅಲ್ಲ ಸಿಸ್ಟರ್. ನಮ್ಮದು."

ಜೈನರ ಮನೆಗಳಲ್ಲಿ, ಬೊಂಬೆಯನ್ನು ಕೊಂದರೂ ಕೊಂದ ಮನಸ್ಸು ಕೊಂದದ್ದೇ ಎಂದು ಕಲಿಸುತ್ತಾರಂತೆ. ಇರಲಿ. ಆದರೆ ಬೆಕ್ಕಿನ ಸಾಮಾನು ಮಾರುವವರಿಗೆ ಇಷ್ಟು ಮಡಿ ಯಾಕೆ ಎಂದು ನನಗೆ ಅನಿಸಿತು. ಇನ್ನೊಂದು ವಿಷಯ ತಿಳಿದ ಮೇಲಂತೂ ನನ್ನ ಅನುಮಾನ ಗಟ್ಟಿಯಾಯಿತು. ಅವರ ಮನೆಯಲ್ಲಿ ಬೆಕ್ಕೇ ಇರಲಿಲ್ಲ. ಯಾವತ್ತೂ ಇರಲಿಲ್ಲ. ಬೆಕ್ಕು ಸಾಕದ ಮನುಷ್ಯ ಊರಿನ ಬೆಕ್ಕುಗಳಿಗೆಲ್ಲ ಬುದ್ಧಿ ಹೇಳುವುದೆಂದರೆ ಅದರ ಹಿಂದೆ ಏನೋ ಇರಲೇಬೇಕು.

ಅವರ ವ್ಯವಹಾರದ ಕ್ರಮವೂ ವಿಚಿತ್ರ. ಒಂದು ಸಲಕ್ಕೆ ಎರಡು ಮೂರಕ್ಕಿಂತ ಹೆಚ್ಚು ಕೊಡುವುದಿಲ್ಲ. ವಾರ ಕಳೆದು ಹೋದರೆ ಹಳೆಯದನ್ನು ತೆಗೆದುಕೊಂಡು ಬೇರೆಯದನ್ನು ಕೊಡುತ್ತಾರೆ. ಇವರು ಒಂದು ಮನೆಯ ಬೆಕ್ಕು ಕಚ್ಚಿದ್ದನ್ನು ಇನ್ನೊಂದು ಮನೆಗೆ ದಾಟಿಸುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಥಿಯೇಟರಿನಲ್ಲಿದ್ದವಳಿಗೆ ಸೋಂಕು ಎಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹಿಂದೆ ಕೊಡುವ ಮೊದಲು ಒಂದು ಬಟ್ಟೆಯ ಚೆಂಡಿನ ಮೂಲೆಯಲ್ಲಿ ಪೆನ್ನಿನಿಂದ ಒಂದು ಚುಕ್ಕೆ ಇಟ್ಟೆ. ಮೂರು ವಾರದ ಮೇಲೆ ಚೆಂಡು ನನ್ನ ಕೈಗೇ ಬಂತು, ಅದೇ ಚುಕ್ಕೆಯೊಂದಿಗೆ. ಯಾರ್ಯಾರ ಮನೆ ಸುತ್ತಿ ಬಂತು ಇದು ಎಂದು ನೇರವಾಗಿ ಕೇಳಿಯೇಬಿಟ್ಟೆ. ಅವರು ಒಳಗಿನ ಬಾಗಿಲು ಸರಿಸಿ ತೋರಿಸಿದರು. ಚಪ್ಪಲಿಯ ಖಾಲಿ ಪೆಟ್ಟಿಗೆಗಳು ಸಾಲಾಗಿ ಇದ್ದವು. ಒಂದೊಂದರ ಮೇಲೂ ಒಂದೊಂದು ಬೆಕ್ಕಿನ ಹೆಸರು, ಮನೆಯ ಗುರುತು. ಒಂದರ ಮೇಲೆ 'ಪುಚ್ಚೆ, ಸಿಸ್ಟರ್' ಎಂದು ದುಂಡಗೆ ಬರೆದಿತ್ತು.

ದಿನವೂ ಕಣ್ಣೆದುರು ಬಿದ್ದಿರುವ ಆಟಿಕೆ ಬೆಕ್ಕಿಗೆ ಕಲ್ಲಿನ ಹಾಗೆ, ಕಾಣದೆ ಹೋಗಿ ತಿರುಗಿ ಬಂದದ್ದು ಹೊಸತರ ಹಾಗೆ ಎಂದು ವಿವರಿಸಿದರು. ಮನೆಯಲ್ಲೇ ಅಡಗಿಸಿಡಿ ಎಂದರೆ ಯಾರೂ ಅಡಗಿಸುವುದಿಲ್ಲ, ಪಾಪ ಕೇಳ್ತದೆ ಎಂದು ಕೊಟ್ಟುಬಿಡುತ್ತಾರೆ. ಅದಕ್ಕೆ ಅವರೇ ಇಟ್ಟುಕೊಳ್ಳುವುದು. ಆ ದಿನ ಪುಚ್ಚೆ ಆ ಚೆಂಡನ್ನು ಕಂಡು ಬೆನ್ನು ಬಿಲ್ಲಿನ ಹಾಗೆ ಎತ್ತಿ, ಅಡ್ಡಡ್ಡ ಹಾರಿ ಬಂದು ಬಿದ್ದ ರೀತಿ ನೋಡಿ ನಾನು ಬಾಯಿ ಮುಚ್ಚಿಕೊಂಡೆ. ಅನುಮಾನವನ್ನು ಮುಚ್ಚಿಕೊಳ್ಳಲಿಲ್ಲ.

ಸಂಜೆ ನಾಲ್ಕೂವರೆಗೆ ಹದಿನೈದು ನಿಮಿಷ ಆಡಿಸುವುದೆಂದು ನಾನು ನಿಯಮ ಮಾಡಿದ್ದೆ. ಅದು ಅವರಿಗೆ ಒಪ್ಪಿಗೆಯಾಗಲಿಲ್ಲ. ಬೆಕ್ಕಿಗೆ ನಿಮ್ಮ ಡ್ಯೂಟಿ ಚಾರ್ಟ್ ಗೊತ್ತಿಲ್ಲ ಎಂದರು. ಬೆಳಗಾಗುವಾಗ ಮತ್ತು ಕತ್ತಲಾಗುವ ಮೊದಲು ಅದಕ್ಕೆ ತಾನಾಗಿ ಉತ್ಸಾಹ ಬರುತ್ತದೆ, ಆಗ ಐದೈದು ನಿಮಿಷ ಸಾಕು. ಕೊನೆಗೆ ಒಮ್ಮೆ ಹಿಡಿಯಲು ಬಿಡಬೇಕು, ಹಿಡಿದ ಮೇಲೆ ತಿನ್ನಲು ಕೊಡಬೇಕು. ಕಕ್ಕಿಂಜೆಯ ಒಬ್ಬ ವ್ಯಾಪಾರಿ ಗಲ್ಫಿನಿಂದ ಬರುವಾಗ ಗೋಡೆಯ ಮೇಲೆ ಕೆಂಪು ಚುಕ್ಕೆ ಬೀಳಿಸುವ ಲೈಟ್ ತಂದು ತೋರಿಸಿದಾಗ ನಾನು ಅಂಗಡಿಯಲ್ಲೇ ಇದ್ದೆ. ಅವರು ಅದನ್ನು ತಮ್ಮ ಅಂಗೈಗೆ ಹಿಡಿದು, ಚುಕ್ಕೆಯ ಮೇಲೆ ಇನ್ನೊಂದು ಕೈಯನ್ನು ಮುಚ್ಚಿ, ತೆರೆದು ನೋಡಿದರು. "ಹಿಡಿದ ಮೇಲೆ ಕೈಯಲ್ಲಿ ಎಂತದೂ ಇಲ್ಲ. ದಿನಾ ಹೀಗೆ ಮೋಸ ಮಾಡಿದ್ರೆ ಮನುಷ್ಯನಿಗೂ ಮಂಡೆ ಬಿಸಿ ಆಗ್ತದೆ ಮಾರಾಯ್ರೆ" ಎಂದು ಹಿಂದೆ ಕೊಟ್ಟರು.

ರಟ್ಟಿನ ಪೆಟ್ಟಿಗೆಗೆ ತೂತು ಕೊರೆದು ಅದರೊಳಗೆ ಬೆಕ್ಕಿನ ತಿನಿಸು ಅಡಗಿಸಿ, ಕೈ ಹಾಕಿ ತೆಗೆಯುವಂತೆ ಮಾಡುವುದನ್ನು ನನಗೆ ಕಲಿಸಿದವರೂ ಅವರೇ. ಪುಚ್ಚೆಯ ತಿನಿಸೆಂದರೆ ಒಣಮೀನು. ಅವರು ಮೀನು ಎಂಬ ಶಬ್ದ ಆಡುತ್ತಿರಲಿಲ್ಲ; 'ಅದರ ವಸ್ತು' ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ತೂತು ಕೊರೆದು ಕೊಟ್ಟು, "ಈಗ ಅದರ ವಸ್ತು ನೀವು ಹಾಕಿ" ಎಂದು ಗೋಡೆಯ ಕಡೆ ತಿರುಗಿ ನಿಂತರು.

ಹೌದು, ಆ ಹೊತ್ತಿಗೆ ಅವರು ಮನೆಗೆ ಬರಲು ಶುರುಮಾಡಿದ್ದರು. ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ. ಬಂದು, ಸೋಫಾದ ತುದಿಯಲ್ಲಿ ಕುಳಿತು, ಮುಕ್ಕಾಲು ಗಂಟೆ ಪುಚ್ಚೆಯನ್ನು ನೋಡುವುದು. ಮುಟ್ಟುವುದಿಲ್ಲ, ಕರೆಯುವುದಿಲ್ಲ, ಚಹಾ ಕೊಟ್ಟರೆ ಬೇಡ. ಒಂದು ಶನಿವಾರ ಅವರು ಹೋದ ಮೇಲೆ ಎಣಿಸಿದಾಗ ಪ್ಲಾಸ್ಟಿಕ್ ಚೆಂಡು ಒಂದು ಕಡಿಮೆಯಿತ್ತು. ಮರುದಿನ ಕೇಳಿದರೆ, "ಹೌದು, ನಾನೇ ತಂದೆ. ಅದರಲ್ಲಿ ಬಿರುಕಿತ್ತು" ಎಂದು ಗೋಣಿಚೀಲ ತೋರಿಸಿದರು. ಹೇಳಿ ತರಬಾರದಿತ್ತೇ? ಹೇಳಿದರೆ ನೀವು ಅಂಟು ಹಾಕಿ ಕೊಡುತ್ತಿದ್ದಿರಿ ಎಂದರು. ನಿಜ, ಹಾಗೇ ಮಾಡುತ್ತಿದ್ದೆ. ಆದರೂ ಕೇಳದೆ ಕೊಂಡುಹೋದ ಮನುಷ್ಯ ಎಂದು ನನ್ನ ಮನಸ್ಸಿನಲ್ಲಿ ಒಂದು ಗುರುತು ಬಿತ್ತು.

ನೀವೇ ಒಂದು ಬೆಕ್ಕು ಸಾಕಬಹುದಲ್ಲ, ಇಲ್ಲಿಗೆ ಬಂದು ನೋಡುವುದು ಯಾಕೆ ಎಂದು ಒಮ್ಮೆ ಖಾರವಾಗಿಯೇ ಕೇಳಿದೆ.

"ಕೊಲ್ಲುವ ಪ್ರಾಣಿಯನ್ನು ನಾವು ಸಾಕುವ ಹಾಗಿಲ್ಲ" ಎಂದರು. ಪುಚ್ಚೆ ಆಗ ಪೆಟ್ಟಿಗೆಯೊಳಗೆ ಭುಜದವರೆಗೆ ಕೈ ತೂರಿಸಿತ್ತು. ಅದರಿಂದ ಕಣ್ಣು ತೆಗೆಯದೆ, "ನೋಡ್ಲಿಕ್ಕೆ ಅಡ್ಡಿ ಇಲ್ಲ" ಎಂದರು.

ಅಷ್ಟು ಸಣ್ಣ ಉತ್ತರ ನನಗೆ ಸಾಕಾಗಲಿಲ್ಲ.

ಆರು ತಿಂಗಳಲ್ಲಿ ಪುಚ್ಚೆಯ ಹೊಟ್ಟೆಯ ಮೇಲೆ ಕೂದಲು ತಿರುಗಿ ಬಂತು. ಗೋಡೆಗೆ ಮುಖ ಮಾಡುವುದು ನಿಂತಿತು. ಎಲ್ಲ ಸರಿಹೋದ ಆ ಹೊತ್ತಿಗೇ ನನಗೆ ಧೈರ್ಯ ಬಂದದ್ದು. ಬೆಳ್ತಂಗಡಿಗೆ ಒಂದು ಮದುವೆಗೆ ಹೋದವಳು ಬರುವಾಗ ದೊಡ್ಡ ಅಂಗಡಿಯೊಂದಕ್ಕೆ ಹೊಕ್ಕೆ. ಅಲ್ಲಿ ಬೆಕ್ಕಿನ ಆಟಿಕೆಗಳ ಒಂದು ಗೋಡೆಯೇ ಇತ್ತು. ನಮ್ಮೂರಿನ ಅಂಗಡಿಯವರು ತಮ್ಮಲ್ಲಿ ಇಲ್ಲದ್ದನ್ನೆಲ್ಲ ಕೆಟ್ಟದ್ದೆಂದು ಹೇಳಿ ನನ್ನನ್ನು ಕಟ್ಟಿಹಾಕಿದ್ದಾರೆ ಎಂದು ತೋರಿತು. ನೆಲ್ಲಿಕಾಯಿಗಿಂತ ಸಣ್ಣ ಒಂದು ಉಣ್ಣೆಯ ಚೆಂಡು ತಂದೆ. ಅದಕ್ಕೆ ಬಾಲದ ಹಾಗೆ ಎರಡು ಮೊಳ ಉದ್ದದ ಕೆಂಪು ದಾರ. ಎರಡು ದಿನ ಪುಚ್ಚೆ ಅದರ ಹಿಂದೆ ಹುಚ್ಚುಹುಚ್ಚಾಗಿ ಓಡಿತು.

ಮೂರನೆಯ ದಿನ ಶನಿವಾರ. ನಾಲ್ಕಕ್ಕೆ ಸರಿಯಾಗಿ ಕರೆಗಂಟೆ ಬಾರಿಸಿದಾಗ ದಾರದ ಚೆಂಡು ನೆಲದ ಮೇಲೆಯೇ ಇತ್ತು. ಗಡಿಬಿಡಿಯಲ್ಲಿ ಅದನ್ನು ಸೋಫಾದ ದಿಂಬಿನಡಿ ತುರುಕಿ ಬಾಗಿಲು ತೆರೆದೆ. ಅವರು ಬಂದು ಆ ದಿಂಬಿನ ಪಕ್ಕದಲ್ಲೇ ಕುಳಿತರು. ಮುಕ್ಕಾಲು ಗಂಟೆ ಕಳೆದು ಹೋದರು. ನಾನು ಐದಕ್ಕೆ ಸಂಜೆಯ ಸ್ನಾನಕ್ಕೆ ಹೋದೆ. ಐದೂವರೆಗೆ ದಿನದ ಹಾಗೆ ಆಟಿಕೆಗಳ ಎಣಿಕೆ. ಇರಬೇಕಾದದ್ದು ನಾಲ್ಕು, ಇದ್ದದ್ದು ಮೂರು. ದಿಂಬಿನಡಿ ಖಾಲಿ.

ಸೋಫಾ ಎಳೆದು ನೋಡಿದೆ, ಕಪಾಟಿನಡಿ ಕೋಲು ಹಾಕಿ ನೋಡಿದೆ. ಪುಚ್ಚೆ ಕಿಟಕಿಯ ಹತ್ತಿರ ಮುದುರಿಕೊಂಡಿತ್ತು. ನಾನು ಅದರ ಕಡೆ ಗಮನ ಕೊಡಲಿಲ್ಲ. ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ: ದಿಂಬಿನ ಅಡಿಯಿಂದ ಸಹ ಹುಡುಕಿ ತೆಗೆದು ಕೊಂಡುಹೋದರಲ್ಲ, ಎಷ್ಟು ಸೊಕ್ಕು ಎಂದು. ಫೋನ್ ಮಾಡಿದೆ. ಎರಡನೆಯ ಸಲಕ್ಕೆ ಎತ್ತಿಕೊಂಡರು. ಬಾಯಲ್ಲಿ ತುತ್ತಿದ್ದಂತೆ ಕೇಳಿತು.

"ನೀವು ಬಂದು ಹೋದ ಮೇಲೆ ಈ ಮನೆಗೆ ಬೇರೆ ಯಾರೂ ಬರ್ಲಿಲ್ಲ" ಎಂದೆ. "ಒಂದು ಕಡಿಮೆ ಉಂಟು. ನೀವೇ ತೆಗೆದದ್ದು. ಕೇಳಿ ತೆಗೆಯುವ ಕ್ರಮ ನಿಮಗೆ ಇಲ್ವಾ?"

ಅವರು ಅಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. "ಯಾವುದು ಕಾಣುವುದಿಲ್ಲ?" ಎಂದರು.

"ಕೆಂಪು ದಾರದ್ದು."

"ದಾರ?" ಎಂದರು. ಬಟ್ಟಲು ಸರಿಸಿದ ಸದ್ದು ಕೇಳಿಸಿತು. ಆಮೇಲೆ ಮೆಲ್ಲಗೆ, "ಸಿಸ್ಟರ್, ಬಾಯಿ ತೆರೆದು ನೋಡಿ. ನಾಲಿಗೆಯ ಅಡಿಯಲ್ಲಿ. ಇದ್ರೆ ಎಳೀಬೇಡಿ. ಒಂದು ನೂಲೂ ಎಳೀಬೇಡಿ. ನಾನು ರಿಕ್ಷಾ ತರ್ತೇನೆ" ಎಂದರು.

ಪುಚ್ಚೆಯ ನಾಲಿಗೆಯ ಬುಡಕ್ಕೆ ಕೆಂಪು ದಾರ ಒಂದು ಸುತ್ತು ಸಿಕ್ಕಿಹಾಕಿಕೊಂಡಿತ್ತು. ಉಳಿದದ್ದು ಗಂಟಲಿನೊಳಗೆ.

ಹತ್ತು ನಿಮಿಷದಲ್ಲಿ ರಿಕ್ಷಾ ಬಂತು. ಬುಟ್ಟಿಯನ್ನು ಅವರೇ ತೊಡೆಯ ಮೇಲೆ ಇಟ್ಟುಕೊಂಡರು. ಪುಚ್ಚೆಯನ್ನು ಅವರು ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬುಟ್ಟಿಯ ಮುಚ್ಚಳದೊಳಗೆ ಕೈ ಇಟ್ಟು ಅದರ ತಲೆ ಅಲುಗದಂತೆ ಹಿಡಿದಿದ್ದರು. ರಿಕ್ಷಾ ಬಿ.ಸಿ. ರೋಡಿನ ದಾರಿ ಹಿಡಿದು ಸಿದ್ಧಕಟ್ಟೆ ದಾಟಿತು. ನನಗೆ ಆಗ ಥಿಯೇಟರಿನ ನೆನಪು ಬಂತು. ಹೊಲಿಗೆ ಹಾಕುವ ಮೊದಲು ಬಟ್ಟೆ, ಸೂಜಿ, ಕತ್ತರಿ ಎಲ್ಲವನ್ನೂ ನಾವು ಎಣಿಸುತ್ತಿದ್ದೆವು. ಒಂದು ಬಟ್ಟೆ ಕಡಿಮೆ ಬಂದರೆ ಯಾರು ತೆಗೆದರು ಎಂದು ಕೇಳುವ ಪದ್ಧತಿಯೇ ಇರಲಿಲ್ಲ. ಮೊದಲು ಹೊಟ್ಟೆಯೊಳಗೆ ನೋಡುವುದು. ಮೂವತ್ತನಾಲ್ಕು ವರ್ಷ ಹೊಸ ಹುಡುಗಿಯರಿಗೆ ಇದನ್ನು ಗದರಿಸಿ ಗದರಿಸಿ ಕಲಿಸಿದವಳು ನಾನು. ನನ್ನ ಸ್ವಂತ ಮನೆಯಲ್ಲಿ ಎಣಿಕೆ ತಪ್ಪಿದಾಗ ಹೊಟ್ಟೆ ಕಣ್ಣೆದುರೇ ಮುದುರಿಕೊಂಡಿತ್ತು. ನಾನು ಹಿಡಿದದ್ದು ಮನುಷ್ಯನನ್ನು.

ವೈದ್ಯೆ ಅಂದೇ ಹೊಟ್ಟೆ ಕೊಯ್ದಳು. ಚೆಂಡು ಮುಂದಕ್ಕೆ ಹೋಗಿ, ದಾರ ಹಿಂದಕ್ಕೆ ಎಳೆದು, ಕರುಳು ನೆರಿಗೆ ಹಿಡಿದ ಸೀರೆಯ ಹಾಗೆ ಆಗಲು ಶುರುವಾಗಿತ್ತಂತೆ. ಎಳೆದಿದ್ದರೆ ಹರಿಯುತ್ತಿತ್ತು, ಬೆಳಗಿನವರೆಗೆ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲ ಎಂದಳು. ಹೊರಗಿನ ಬೆಂಚಿನಲ್ಲಿ ಕಾಯುವಾಗ ಅಲ್ಲಿನ ಹೆಂಗಸು ಇಬ್ಬರಿಗೂ ಚಹಾ, ಬಿಸ್ಕತ್ತು ತಂದಿಟ್ಟಳು. ಅವರು ನೀರನ್ನೂ ಮುಟ್ಟಲಿಲ್ಲ. ಊಟ ಆಯಿತೇ ಎಂದು ಕೇಳಿದ್ದಕ್ಕೆ ಆಯ್ತು ಎಂದರು. ಅವರು ಹೊತ್ತು ಮುಳುಗುವ ಮೊದಲು ಉಣ್ಣುವವರು, ಮುಳುಗಿದ ಮೇಲೆ ಮರುದಿನ ಬೆಳಗಿನವರೆಗೆ ಹನಿ ನೀರೂ ಇಲ್ಲ. ನನ್ನ ಫೋನಿಗೆ ಎದ್ದದ್ದು ಎರಡನೇ ತುತ್ತಿಗೆ ಎಂದು ಅವರ ಹೆಂಡತಿಯಿಂದ ನನಗೆ ತಿಳಿದದ್ದು ವಾರದ ಮೇಲೆ. ಬಡಿಸಿದ ಬಟ್ಟಲು ಹಾಗೆಯೇ ಇತ್ತಂತೆ.

ತಪ್ಪಾಯಿತು ಎಂದು ಹೇಳಲು ಅಂಗಡಿಗೆ ಹೋದೆ. ನಾನು ಜೀವನದಲ್ಲಿ ಹೆಚ್ಚು ಸಲ ಆಡಿದ ಮಾತಲ್ಲ ಅದು. ಅವರು ಎಂದಿನಂತೆ ತಲೆ ವಾಲಿಸಿ, ಅದನ್ನೂ ನಂಬದವರ ಹಾಗೆ ಕೇಳಿದರು.

"ಸಂಶಯ ಬಂದದ್ದು ಒಳ್ಳೆಯದೇ ಆಯ್ತು" ಎಂದರು. "ಬಾರದಿದ್ರೆ ನೀವು ಫೋನ್ ಮಾಡ್ತಿರ್ಲಿಲ್ಲ." ಒಂದು ಚೆಂಡಿನ ಹೊಲಿಗೆ ಎಳೆಯುತ್ತಾ, "ಇನ್ನೊಮ್ಮೆ ಹಾಗೆ ಆದ್ರೆ ಮೊದಲು ಬೆಕ್ಕಿನ ಬಾಯಿ ನೋಡಿ, ನನ್ನನ್ನು ಎರಡನೆಯದಾಗಿ ಹಿಡೀರಿ. ಅಷ್ಟೇ" ಎಂದರು.

ಹದಿನೈದು ದಿನ ಪುಚ್ಚೆಗೆ ಆಟವಿಲ್ಲ. ಹೊಲಿಗೆ ಬಿಚ್ಚಿಸಿದ ಮೇಲಿನ ಶನಿವಾರ ನಾಲ್ಕಕ್ಕೆ ಅವರು ಬಂದರು. ಅಂಗಡಿಯ ಯಾವ ಆಟಿಕೆಯನ್ನೂ ತಂದಿರಲಿಲ್ಲ. ತಮ್ಮ ಹಳೆಯ ಪಂಚೆಯ ತುಂಡನ್ನು ದಪ್ಪಕ್ಕೆ ಸುತ್ತಿ, ಅಂಚು ಒಳಗೆ ಮಡಚಿ, ತಾವೇ ಹೊಲಿದ ಒಂದು ಉಂಡೆ ತಂದಿದ್ದರು. ಎರಡು ರಾತ್ರಿ ಕನ್ನಡಕ ಹಾಕಿಕೊಂಡು ಹೊಲಿದದ್ದು ಎಂದು ಆಮೇಲೆ ತಿಳಿಯಿತು. ನನ್ನ ಕೈಗೆ ಕೊಟ್ಟು, ನೋಡಿ ಎಂದರು.

ನೋಡುವುದೇನಿದೆ? ಆ ಮನುಷ್ಯನ ಕೈಯ ವಸ್ತುವನ್ನು ನಾನು ಇನ್ನು ಪರೀಕ್ಷೆ ಮಾಡುವುದೆಂದರೆ ಅದಕ್ಕಿಂತ ದೊಡ್ಡ ಅಪಮಾನ ಬೇರೆ ಇಲ್ಲ ಎಂದು ನನಗೆ ಕಂಡಿತು. ಉಂಡೆಯನ್ನು ತಿರುಗಿಸಿ ಕೂಡ ನೋಡದೆ ಬಗ್ಗಿ ಪುಚ್ಚೆಯ ಮುಂದೆ ಹಿಡಿದೆ. ಅವರ ಕೈಯಲ್ಲಿದ್ದ ಕೊಡೆ ನಡುವೆ ಅಡ್ಡ ಬಂತು.

"ಎಂತ ಮಾಡ್ತೀರಿ ನೀವು?" ಅವರ ಧ್ವನಿ ಏರಿದ್ದನ್ನು ನಾನು ಕೇಳಿದ್ದು ಆವತ್ತು ಮಾತ್ರ. "ನನಗೆ ಮರ್ಯಾದೆ ಕೊಡುವುದಿದ್ರೆ ಒಂದು ನಮಸ್ಕಾರ ಹೇಳಿ. ಅದರ ಹೊಟ್ಟೆಯನ್ನು ಪಣಕ್ಕಿಟ್ಟು ಕೊಡಬೇಡಿ."

ನಾನು ನೆಟ್ಟಗೆ ನಿಂತೆ. ಕಿಟಕಿಯ ಬೆಳಕಿಗೆ ಹೋಗಿ ಥಿಯೇಟರಿನ ಕೈಯಿಂದ ನೋಡಿದೆ. ಮೂಸಿದೆ. ಹಿಂಡಿದೆ. ಹೊಲಿಗೆಯನ್ನು ಒಂದೊಂದು ಬೆರಳಗಲಕ್ಕೂ ಎರಡು ಕೈಗಳಿಂದ ಎಳೆದೆ. ಅವರು ಸೋಫಾದ ತುದಿಯಲ್ಲಿ ಕುಳಿತು ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ಪುಚ್ಚೆ ನನ್ನ ಕಾಲಿನ ಹತ್ತಿರ ಬಾಲ ಬಡಿಯುತ್ತಿತ್ತು. ಕೊನೆಯ ಮೂಲೆಯಲ್ಲಿ ಗಂಟು ಜಾರಿ, ಒಂದು ಬಿಳಿ ನೂಲು ನನ್ನ ಬೆರಳಿಗೆ ಸುತ್ತಿಕೊಂಡು ಹೊರಗೆ ಬಂತು. ಅದರ ಹಿಂದೆ ಇನ್ನೂ ಒಂದಿಷ್ಟು.

ಹೇಳಬೇಕೋ ಬೇಡವೋ ಎಂದು ಒಂದು ಕ್ಷಣ ಅನಿಸಿದ್ದು ಸುಳ್ಳಲ್ಲ. ಆಮೇಲೆ ಹೋಗಿ ಉಂಡೆಯನ್ನೂ ನೂಲನ್ನೂ ಅವರ ಅಂಗೈಯ ಮೇಲೆ ಇಟ್ಟೆ.

ಅವರು ಕನ್ನಡಕ ಸರಿಮಾಡಿಕೊಂಡು ನೂಲನ್ನು ಬೆಳಕಿಗೆ ಹಿಡಿದರು. ತಮ್ಮದೇ ಹೊಲಿಗೆಯನ್ನು ತುದಿಯಿಂದ ತುದಿಗೆ ನೋಡಿದರು. ಉಂಡೆಯನ್ನು ಜೇಬಿಗೆ ಹಾಕಿಕೊಂಡು ಎದ್ದರು. ಬಾಗಿಲಿನಲ್ಲಿ ಚಪ್ಪಲಿ ಮೆಟ್ಟುವಾಗ ಆ ಮುಖ ನನ್ನ ಕಡೆ ತಿರುಗಿತು. ಅದರಲ್ಲಿ ಬೇಸರ ಇರಬಹುದೆಂದು ನಾನು ಹುಡುಕಿದೆ. ಇರಲಿಲ್ಲ. ಪರೀಕ್ಷೆಯಲ್ಲಿ ಮಗಳು ಉತ್ತೀರ್ಣಳಾದದ್ದನ್ನು ಕೇಳಿದ ಅಪ್ಪನ ಮುಖ ಅದು.

"ನಾಳೆ ಬೇರೆ ಹೊಲಿದು ತರ್ತೇನೆ" ಎಂದರು. "ಅದನ್ನೂ ಎಳೀರಿ."